ಮಳಿಗೆಗೆ ಕೊಟ್ಟ ನಿಮ್ಮ ಮಾಹಿತಿ ಯಾರ ಕೈ ಸೇರಿದೆ? ಪತ್ತೆ ಹಚ್ಚಿ ತಡೆಯುವ ಸಮಗ್ರ ಮಾರ್ಗದರ್ಶಿ

ಬಿಲ್ ಮಾಡಿಸುವಾಗ ಹೇಳುವ ಮೊಬೈಲ್ ಸಂಖ್ಯೆ, ರಸೀದಿ ತರಿಸಿಕೊಳ್ಳಲು ಕೊಡುವ ಇಮೇಲ್ ವಿಳಾಸ, ರಿಯಾಯಿತಿ ಕಾರ್ಡಿನ ಅರ್ಜಿಯಲ್ಲಿ ತುಂಬುವ ಹುಟ್ಟಿದ ದಿನಾಂಕ, ಇವೆಲ್ಲವನ್ನೂ ಗ್ರಾಹಕರು ಕೊಡುವುದು ತಾವು ವ್ಯವಹರಿಸುತ್ತಿರುವ ಆ ಒಂದು ಮಳಿಗೆಗೆ. ಅಲ್ಲಿಂದ ಮುಂದೆ ಅವು ಜಾಹೀರಾತು ಜಾಲಗಳಿಗೆ, ಜನರ ಮಾಹಿತಿಯನ್ನು ಸಂಗ್ರಹಿಸಿ ಮಾರುವ ಡೇಟಾ ಬ್ರೋಕರ್‌ಗಳಿಗೆ, ಗ್ರಾಹಕರು ಹೆಸರೂ ಕೇಳಿರದ ಮಾರ್ಕೆಟಿಂಗ್ ಕಂಪನಿಗಳಿಗೆ ಸಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಸಾಗಾಟವನ್ನು ಪತ್ತೆ ಹಚ್ಚುವುದು ಹೇಗೆ, ಲಿಖಿತವಾಗಿ ಪ್ರಶ್ನಿಸುವುದು ಹೇಗೆ, ನಿಲ್ಲಿಸುವುದು ಹೇಗೆ ಎಂಬುದನ್ನು ಸಾಮಾನ್ಯ ಗ್ರಾಹಕರು ಸ್ವತಃ ಮಾಡಬಹುದಾದ ಕ್ರಮದಲ್ಲಿ ಇಲ್ಲಿ ವಿವರಿಸಿದ್ದೇನೆ.

ಕ್ರಮದ ಬಗ್ಗೆ ಆರಂಭದಲ್ಲೇ ಒಂದು ಮಾತು ಹೇಳಬೇಕು. ತಮ್ಮ ಮಾಹಿತಿ ಹೊರಹೋಗಿದೆ ಎಂಬ ಅನುಮಾನ ಬಂದ ಕೂಡಲೇ ಹೆಚ್ಚಿನವರು ಮಳಿಗೆಗೆ ಬರೆಯುವುದು "ನನ್ನ ಮಾಹಿತಿಯನ್ನು ಅಳಿಸಿಹಾಕಿ" ಎಂದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮಳಿಗೆಯಲ್ಲಿರುವ ನಿಮ್ಮ ದಾಖಲೆ ಅಳಿದ ಮೇಲೆ, ಅದನ್ನು ಯಾರ ಯಾರಿಗೆ ಕೊಡಲಾಗಿತ್ತು ಎಂದು ಹೇಳಬಲ್ಲ ಲೆಕ್ಕವೂ ಅದರೊಂದಿಗೆ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಮಳಿಗೆ ಸ್ವಚ್ಛವಾಗಿರುತ್ತದೆ, ಅದರಿಂದ ಮಾಹಿತಿ ಪಡೆದವರು ಮಾತ್ರ ಅದನ್ನು ಬಳಸುತ್ತಲೇ ಇರುತ್ತಾರೆ. ಆದ್ದರಿಂದ ಮೊದಲು ಪಡೆದವರ ಹೆಸರು ಕೇಳಬೇಕು, ಅದೇ ಪತ್ರದಲ್ಲಿ ಮುಂದಿನ ಹಂಚಿಕೆಗೆ ತಡೆ ಒಡ್ಡಬೇಕು, ಉತ್ತರ ಕೈಸೇರಿದ ನಂತರವೇ ಅಳಿಸಲು ಹೇಳಬೇಕು.

ಮಾಹಿತಿ ಹೊರಹೋಗುವ ದಾರಿಗಳು

ಗ್ರಾಹಕರ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ಮಾರುವುದು ಅಥವಾ ಒಂದು ಬಾರಿಯ ಬಳಕೆಗೆ ಬಾಡಿಗೆಗೆ ಕೊಡುವುದು ಅಂಚೆಯ ಮೂಲಕ ಕ್ಯಾಟಲಾಗ್ ಕಳುಹಿಸುತ್ತಿದ್ದ ಕಾಲದಿಂದ ನಡೆದುಬಂದ ಪದ್ಧತಿ. ಅದು ಈಗಲೂ ಇದೆ, ಆದರೆ ಇಂದಿನ ಮುಖ್ಯ ದಾರಿಗಳು ಬೇರೆ. ಮಳಿಗೆಯ ಜಾಲತಾಣ ಮತ್ತು ಆಪ್‌ನಲ್ಲಿ ಜಾಹೀರಾತು ಕಂಪನಿಗಳ ಸಣ್ಣ ಸಂಕೇತ ತುಣುಕುಗಳನ್ನು ಸೇರಿಸಿರಲಾಗುತ್ತದೆ. ಇವನ್ನು ಪಿಕ್ಸೆಲ್ ಎಂದು ಕರೆಯುತ್ತಾರೆ. ನೀವು ಯಾವ ವಸ್ತುವಿನ ಪುಟ ತೆರೆದಿರಿ, ಯಾವುದನ್ನು ಕಾರ್ಟ್‌ಗೆ ಹಾಕಿದಿರಿ, ಯಾವುದನ್ನು ಕೊಂಡಿರಿ ಎಂಬುದು ಆ ತುಣುಕಿನ ಮೂಲಕ ಅದೇ ಕ್ಷಣದಲ್ಲಿ ಜಾಹೀರಾತು ಕಂಪನಿಗೆ ತಲುಪುತ್ತದೆ.

ಎರಡನೆಯ ದಾರಿಯನ್ನು ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಮಳಿಗೆಗಳು ಹೆಚ್ಚಾಗಿ ಇದನ್ನೇ "ಸುರಕ್ಷಿತ" ಎಂದು ಹೇಳಿಕೊಳ್ಳುತ್ತವೆ. ಮಳಿಗೆ ತನ್ನ ಗ್ರಾಹಕರ ಇಮೇಲ್ ವಿಳಾಸ ಅಥವಾ ಮೊಬೈಲ್ ಸಂಖ್ಯೆಗಳನ್ನು ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ ಹ್ಯಾಶ್ ಮಾಡಿ ಜಾಹೀರಾತು ಕಂಪನಿಗೆ ಕಳುಹಿಸುತ್ತದೆ. ಪ್ರತಿ ವಿಳಾಸವೂ 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲಾಗಿ ಬದಲಾಗುತ್ತದೆ, ಆ ಸಾಲನ್ನು ನೋಡಿ ವಿಳಾಸವನ್ನು ನೇರವಾಗಿ ಓದಲಾಗದು ಎಂಬುದೂ ನಿಜ. ಆದರೆ ಒಂದೇ ವಿಳಾಸವನ್ನು ಯಾರು ಹ್ಯಾಶ್ ಮಾಡಿದರೂ ಬರುವುದು ಅದೇ ಸಾಲು. ಜಾಹೀರಾತು ಕಂಪನಿಯ ಬಳಿ ತನ್ನ ಬಳಕೆದಾರರ ವಿಳಾಸಗಳು ಮೊದಲೇ ಇರುವುದರಿಂದ, ಅದು ತನ್ನ ಕಡೆಯ ಸಾಲುಗಳನ್ನು ಮಳಿಗೆ ಕಳುಹಿಸಿದ ಸಾಲುಗಳೊಂದಿಗೆ ಹೋಲಿಸಿದರೆ ಸಾಕು, ಕೊಂಡವರು ಯಾರು ಎಂದು ತಿಳಿಯುತ್ತದೆ. ಹ್ಯಾಶ್ ಮಾಡಿದ ಮಾತ್ರಕ್ಕೆ ಮಾಹಿತಿ ಅನಾಮಿಕವಾಗುವುದಿಲ್ಲ ಎಂದು ಅಮೆರಿಕದ ಗ್ರಾಹಕ ಹಿತರಕ್ಷಣಾ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಮಳಿಗೆಯೊಳಗೆ ನಗದು ಕೌಂಟರಿನಲ್ಲಿ ನಡೆದ ಖರೀದಿಯೂ ಈ ದಾರಿಯಲ್ಲಿ ಹೊರಹೋಗಬಲ್ಲದು. ಕೆನಡಾದ ಹೋಮ್ ಡಿಪೋ ಮಳಿಗೆಗಳ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ತನ್ನ ಫೇಸ್‌ಬುಕ್ ಖಾತೆಯನ್ನು ಅಳಿಸಲು ಹೊರಟ ಗ್ರಾಹಕರೊಬ್ಬರಿಗೆ, ತಾವು ಆ ಮಳಿಗೆಯಲ್ಲಿ ಖುದ್ದಾಗಿ ಹೋಗಿ ಮಾಡಿದ ಹೆಚ್ಚಿನ ಖರೀದಿಗಳ ದಾಖಲೆ ಫೇಸ್‌ಬುಕ್ ಬಳಿ ಇರುವುದು ಕಂಡುಬಂತು. ಅವರು ದೂರು ಕೊಟ್ಟರು. ತನಿಖೆ ನಡೆಸಿದ ಅಲ್ಲಿನ ಖಾಸಗಿತನ ಆಯುಕ್ತರು 2023ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇ-ರಸೀದಿ ಕೇಳಿದ ಗ್ರಾಹಕರ ಹ್ಯಾಶ್ ಮಾಡಿದ ಇಮೇಲ್ ವಿಳಾಸವನ್ನೂ ಖರೀದಿಯ ವಿವರವನ್ನೂ ಮಳಿಗೆ ಫೇಸ್‌ಬುಕ್‌ನ ಒಡೆಯ ಸಂಸ್ಥೆಯಾದ ಮೆಟಾ ಕಂಪನಿಗೆ ಕಳುಹಿಸುತ್ತಿತ್ತು. ಗ್ರಾಹಕರ ಸೂಚ್ಯ ಸಮ್ಮತಿ ಇತ್ತು ಎಂಬ ಮಳಿಗೆಯ ವಾದವನ್ನು ಆಯುಕ್ತರು ಒಪ್ಪಲಿಲ್ಲ. ರಸೀದಿಗಾಗಿ ವಿಳಾಸ ಕೊಟ್ಟವರು ಇಂಥ ಬಳಕೆಯನ್ನು ನಿರೀಕ್ಷಿಸಿರಲಾರರು ಎಂಬುದು ಅವರ ತೀರ್ಮಾನದ ತಿರುಳು.

ಉಳಿದ ದಾರಿಗಳನ್ನು ಬೇಗನೆ ಹೇಳಿ ಮುಗಿಸಬಹುದು. ದೊಡ್ಡ ಮಳಿಗೆಗಳು ತಮ್ಮದೇ ಜಾಹೀರಾತು ವಿಭಾಗ ತೆರೆದು, ಪಟ್ಟಿಯನ್ನು ಹೊರಗೆ ಕೊಡದೆಯೇ ನಿಮ್ಮ ಖರೀದಿಯ ಇತಿಹಾಸದ ಆಧಾರದ ಮೇಲೆ ಜಾಹೀರಾತಿನ ಜಾಗವನ್ನು ಮಾರುತ್ತವೆ. ಒಂದೇ ಲಾಯಲ್ಟಿ ಕಾರ್ಡಿನಡಿ ಹಲವು ಬ್ರ್ಯಾಂಡ್‌ಗಳು ಸೇರಿಕೊಂಡಿದ್ದರೆ ಮಾಹಿತಿ ಆ ಎಲ್ಲರ ನಡುವೆ ಓಡಾಡುತ್ತದೆ. ಮಳಿಗೆ ದಿವಾಳಿಯಾದಾಗ ಗ್ರಾಹಕರ ಪಟ್ಟಿಯೂ ಆಸ್ತಿಯಾಗಿ ಹರಾಜಿಗೆ ಬರಬಹುದು: ಮಾಹಿತಿಯನ್ನು ಎಂದಿಗೂ ಹಂಚಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದ ಟಾಯ್‌ಸ್ಮಾರ್ಟ್ ಎಂಬ ಆಟಿಕೆ ಕಂಪನಿ 2000ದಲ್ಲಿ ಮುಚ್ಚುವಾಗ ಪಟ್ಟಿಯನ್ನು ಮಾರಾಟಕ್ಕಿಟ್ಟಿತ್ತು; 2015ರಲ್ಲಿ ರೇಡಿಯೋಶಾಕ್ ದಿವಾಳಿಯಾದಾಗಲೂ ಇದೇ ವಿವಾದ ಎದ್ದಿತು. ಎರಡೂ ಸಲ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಪ್ರವೇಶಿಸಬೇಕಾಯಿತು.

ಮೊದಲ ಹೆಜ್ಜೆ: ಯಾವ ಮಳಿಗೆಯ ಬಳಿ ನಿಮ್ಮ ಯಾವ ಗುರುತು ಇದೆ ಎಂದು ಪಟ್ಟಿ ಮಾಡಿ

ಮೇಲಿನ ಬಹುತೇಕ ದಾರಿಗಳಲ್ಲಿ ಜೋಡಿಸುವ ಕೊಂಡಿಯಾಗಿ ಕೆಲಸ ಮಾಡುವುದು ನಿಮ್ಮ ಇಮೇಲ್ ವಿಳಾಸ, ಮೊಬೈಲ್ ಸಂಖ್ಯೆ ಅಥವಾ ಫೋನಿನ ಜಾಹೀರಾತು ಐಡಿ, ಅಂದರೆ ಜಾಹೀರಾತು ಕಂಪನಿಗಳು ನಿಮ್ಮ ಫೋನನ್ನು ಗುರುತಿಸಲು ಬಳಸುವ ಸಂಕೇತ. ಆದ್ದರಿಂದ ಪಟ್ಟಿಯಲ್ಲಿ ಮಳಿಗೆಯ ಹೆಸರಿನ ಪಕ್ಕದಲ್ಲಿ, ಅಲ್ಲಿ ಯಾವ ಇಮೇಲ್ ಮತ್ತು ಯಾವ ಸಂಖ್ಯೆ ಕೊಟ್ಟಿದ್ದೀರಿ, ಲಾಯಲ್ಟಿ ಕಾರ್ಡ್ ಇದೆಯೇ, ಆಪ್ ಇದೆಯೇ ಎಂಬುದನ್ನು ಬರೆದುಕೊಳ್ಳಿ. ನೆನಪನ್ನು ನಂಬಬೇಡಿ. ಇಮೇಲ್ ಪೆಟ್ಟಿಗೆಯಲ್ಲಿ ರಸೀದಿ, ಆರ್ಡರ್, ಸ್ವಾಗತ, ರಿವಾರ್ಡ್, ಅನ್‌ಸಬ್‌ಸ್ಕ್ರೈಬ್ ಮುಂತಾದ ಪದಗಳನ್ನು ಅವು ಬರುವ ಭಾಷೆಯಲ್ಲೇ ಹುಡುಕಿದರೆ ವರ್ಷಗಳ ಹಿಂದೆ ಮರೆತ ಖಾತೆಗಳೂ ಹೊರಬರುತ್ತವೆ. ಫೋನಿನ ಎಸ್‌ಎಂಎಸ್ ಪೆಟ್ಟಿಗೆಯಲ್ಲೂ ಹೀಗೆಯೇ ಹುಡುಕಿ.

ಪಟ್ಟಿ ಉದ್ದವಾದರೆ ಎಲ್ಲದಕ್ಕೂ ಒಂದೇ ಸಲ ಕೈಹಾಕಬೇಡಿ. ಔಷಧ, ಮಗುವಿನ ಸಾಮಗ್ರಿ, ಒಳ ಉಡುಪು, ಆರೋಗ್ಯ ಸಂಬಂಧಿ ವಸ್ತುಗಳನ್ನು ಮಾರುವ ಮಳಿಗೆಗಳನ್ನು ಮೊದಲು ಎತ್ತಿಕೊಳ್ಳಿ. ಅಲ್ಲಿನ ಖರೀದಿಗಳು ನಿಮ್ಮ ದೇಹ, ಮನೆ, ಕಷ್ಟಗಳ ಬಗ್ಗೆ ಹೇಳುವಷ್ಟನ್ನು ಬೇರೆ ಯಾವ ಖರೀದಿಯೂ ಹೇಳುವುದಿಲ್ಲ. ಹೆಸರು ತೆಗೆದರೆ ಖರೀದಿಯ ವಿವರದಿಂದ ಏನೂ ತಿಳಿಯದು ಎಂದು ಭಾವಿಸುವವರಿಗಾಗಿ ಒಂದು ಸಂಶೋಧನೆಯನ್ನು ನೆನಪಿಸಬೇಕು. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 11 ಲಕ್ಷ ಜನರ 3 ತಿಂಗಳ ಕ್ರೆಡಿಟ್ ಕಾರ್ಡ್ ದಾಖಲೆಗಳನ್ನು, ಹೆಸರು ತೆಗೆದ ರೂಪದಲ್ಲಿ, ಪರಿಶೀಲಿಸಿತು. ಯಾವ ದಿನ ಯಾವ ಅಂಗಡಿಯಲ್ಲಿ ಎಂಬ 4 ಸಂಗತಿಗಳು ಗೊತ್ತಿದ್ದರೆ ಶೇ. 90ರಷ್ಟು ಜನರನ್ನು ಆ ರಾಶಿಯಿಂದ ಪ್ರತ್ಯೇಕವಾಗಿ ಗುರುತಿಸಬಹುದು ಎಂದು ಅದು ತೋರಿಸಿತು.

ಎರಡನೆಯ ಹೆಜ್ಜೆ: ಖಾಸಗಿತನ ನೀತಿಯನ್ನು ಹುಡುಕುವ ಕಣ್ಣಿನಿಂದ ಓದಿ

ಮಳಿಗೆಯ ಜಾಲತಾಣದ ಅಡಿಭಾಗದಲ್ಲಿರುವ ಪ್ರೈವಸಿ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅಗತ್ಯವೂ ಇಲ್ಲ. ಮಾಹಿತಿ ಹಂಚಿಕೆಯ ಭಾಗ, ಕುಕೀಗಳ ಭಾಗ, ನಿಮ್ಮ ಹಕ್ಕುಗಳ ಭಾಗ, ಈ ಮೂರನ್ನು ಓದಿದರೆ ಸಾಕು. ಓದುವ ಮೊದಲು ಆ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಂಡು ದಿನಾಂಕ ಹಾಕಿಡಿ, ಏಕೆಂದರೆ ನೀವು ಪ್ರಶ್ನೆ ಕೇಳಿದ ನಂತರ ನೀತಿಯ ಪಠ್ಯ ಬದಲಾಗಿದ್ದರೆ ಹಿಂದೆ ಏನಿತ್ತು ಎಂದು ತೋರಿಸಲು ನಿಮ್ಮ ಕೈಯಲ್ಲಿ ದಾಖಲೆ ಇರಬೇಕು.

ಹಂಚಿಕೆಯ ಭಾಗದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸ್ವೀಕರಿಸುವವರು ಕಾಣಿಸುತ್ತಾರೆ, ಇವರನ್ನು ಬೇರ್ಪಡಿಸಿ ನೋಡುವುದು ಈ ಹೆಜ್ಜೆಯ ಮುಖ್ಯ ಕೆಲಸ. ಪಾರ್ಸೆಲ್ ತಲುಪಿಸುವವರು, ಹಣ ಪಾವತಿಯನ್ನು ನಿರ್ವಹಿಸುವವರು, ಮಳಿಗೆಯ ಪರವಾಗಿ ಇಮೇಲ್ ಕಳುಹಿಸುವವರು ಮೊದಲ ಬಗೆ. ಅವರು ಮಳಿಗೆ ಹೇಳಿದ ಕೆಲಸಕ್ಕೆ ಮಾತ್ರ ಮಾಹಿತಿಯನ್ನು ಬಳಸಬೇಕು. ತಮ್ಮ ಸ್ವಂತ ಉದ್ದೇಶಕ್ಕೆ, ತಮ್ಮ ಸ್ವಂತ ಗ್ರಾಹಕರ ಜಾಹೀರಾತಿಗೆ ಅದನ್ನು ಬಳಸುವವರು ಎರಡನೆಯ ಬಗೆ. ನೀತಿಯಲ್ಲಿ "ನಮ್ಮ ವಿಶ್ವಾಸಾರ್ಹ ಪಾಲುದಾರರು", "ಆಯ್ದ ಮೂರನೆಯವರು", "ನಿಮಗೆ ಆಸಕ್ತಿ ಇರಬಹುದಾದ ಕೊಡುಗೆಗಳಿಗಾಗಿ" ಎಂಬಂಥ ಪ್ರಯೋಗಗಳು ಬಂದಲ್ಲಿ ಗೆರೆ ಎಳೆಯಿರಿ. ಎರಡನೆಯ ಬಗೆಯವರು ಸಾಮಾನ್ಯವಾಗಿ ಈ ಮಾತುಗಳ ಹಿಂದೆ ಇರುತ್ತಾರೆ. "ಹಂಚಿಕೊಳ್ಳಬಹುದು" ಎಂದು ಬರೆದಿದ್ದರೆ ಹಂಚಿಕೊಳ್ಳಲಾಗುತ್ತಿದೆ ಎಂದೇ ಭಾವಿಸಿ ಮುಂದುವರಿಯುವುದು ಕ್ಷೇಮ.

"ನಾವು ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ" ಎಂಬ ವಾಕ್ಯ ಕಂಡರೆ ಅಲ್ಲಿಗೆ ಓದು ನಿಲ್ಲಿಸಬೇಡಿ. ಹಣ ಪಡೆದು ಪಟ್ಟಿ ಕೊಡುತ್ತಿಲ್ಲ ಎಂಬಷ್ಟೇ ಅರ್ಥದಲ್ಲಿ ಆ ವಾಕ್ಯ ನಿಜವಿರಬಹುದು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ 2022ರ ಆಗಸ್ಟ್‌ನಲ್ಲಿ ಸೌಂದರ್ಯವರ್ಧಕಗಳ ಮಳಿಗೆ ಸೆಫೊರಾದ ಮೇಲಿನ ಪ್ರಕರಣವನ್ನು 12 ಲಕ್ಷ ಡಾಲರ್ ದಂಡದೊಂದಿಗೆ ಇತ್ಯರ್ಥಗೊಳಿಸಿದಾಗ ವಿವಾದದ ಕೇಂದ್ರದಲ್ಲಿದ್ದುದು ಇದೇ ವಿಷಯ. ಮಾರುವುದಿಲ್ಲ ಎಂದು ಗ್ರಾಹಕರಿಗೆ ಹೇಳುತ್ತಲೇ, ಜಾಹೀರಾತು ಮತ್ತು ವಿಶ್ಲೇಷಣೆಯ ಸೇವೆಗಳಿಗೆ ಪ್ರತಿಯಾಗಿ ಹೊರಗಿನ ಕಂಪನಿಗಳ ಟ್ರ್ಯಾಕರ್‌ಗಳಿಗೆ ತನ್ನ ಜಾಲತಾಣದಲ್ಲಿ ಜಾಗ ಕೊಟ್ಟಿದ್ದು ಆ ರಾಜ್ಯದ ಕಾನೂನಿನ ಪ್ರಕಾರ ಮಾರಾಟವೇ ಆಗುತ್ತದೆ ಎಂಬುದು ಸರ್ಕಾರದ ನಿಲುವಾಗಿತ್ತು. 2023ರ ಜನವರಿ 1ರಿಂದ ಅಲ್ಲಿನ ಕಾನೂನು ಮಾರಾಟದ ಜೊತೆಗೆ, ಬೇರೆ ಬೇರೆ ತಾಣಗಳಲ್ಲಿನ ನಡವಳಿಕೆಯನ್ನು ಆಧರಿಸಿದ ಜಾಹೀರಾತಿಗಾಗಿ ನಡೆಯುವ ಹಂಚಿಕೆಯನ್ನೂ ತಡೆಯುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿದೆ.

ಮೂರನೆಯ ಹೆಜ್ಜೆ: ನೀತಿ ಹೇಳಿದ್ದನ್ನು ನೀವೇ ಪರೀಕ್ಷಿಸಿ

ಕಂಪ್ಯೂಟರಿನ ಬ್ರೌಸರಿನಲ್ಲಿ ಮಳಿಗೆಯ ಜಾಲತಾಣ ತೆರೆದು ಎಫ್12 ಕೀಲಿ ಒತ್ತಿದರೆ ಡೆವಲಪರ್ ಟೂಲ್ಸ್ ಎಂಬ ಫಲಕ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಭಾಗವನ್ನು ಆಯ್ದು ಪುಟವನ್ನು ಮತ್ತೆ ಲೋಡ್ ಮಾಡಿ, ಒಂದು ವಸ್ತುವನ್ನು ಕಾರ್ಟ್‌ಗೆ ಹಾಕಿ. ಆ ಒಂದು ಕ್ರಿಯೆಗೆ ಎಷ್ಟು ಹೊರಗಿನ ವಿಳಾಸಗಳಿಗೆ ಸಂದೇಶ ಹೋಗುತ್ತದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಮಳಿಗೆಯ ಸ್ವಂತ ವಿಳಾಸವನ್ನು ಬಿಟ್ಟು ಉಳಿದವನ್ನು, ಉದಾಹರಣೆಗೆ ಫೇಸ್‌ಬುಕ್, ಡಬಲ್‌ಕ್ಲಿಕ್, ಕ್ರಿಟಿಯೋ ಮುಂತಾದ ಹೆಸರುಗಳನ್ನು, ಸ್ಕ್ರೀನ್‌ಶಾಟ್ ಸಹಿತ ದಾಖಲಿಸಿಕೊಳ್ಳಿ. ಇದು ಕಷ್ಟವೆನಿಸಿದರೆ ಪ್ರೈವಸಿ ಬ್ಯಾಡ್ಜರ್ ಅಥವಾ ಯುಬ್ಲಾಕ್ ಒರಿಜಿನ್ ಎಂಬ ಉಚಿತ ವಿಸ್ತರಣೆಗಳನ್ನು ಹಾಕಿಕೊಂಡರೆ ಅವೇ ಪತ್ತೆ ಹಚ್ಚಿ ತೋರಿಸುತ್ತವೆ, ತಡೆಯುತ್ತವೆ ಕೂಡ.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಮಳಿಗೆಯ ಸರ್ವರ್‌ನಿಂದ ನೇರವಾಗಿ ಜಾಹೀರಾತು ಕಂಪನಿಯ ಸರ್ವರ್‌ಗೆ ಹೋಗುವ ಮಾಹಿತಿ ನಿಮ್ಮ ಬ್ರೌಸರನ್ನು ಹಾಯುವುದೇ ಇಲ್ಲವಾದ್ದರಿಂದ ಅದು ಇಲ್ಲಿ ಕಾಣದು. ಅದನ್ನು ನೋಡಲು ಸ್ವೀಕರಿಸುವವರ ಕಡೆಯಿಂದ ಹೋಗಬೇಕು. ನಿಮಗೆ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಅಕೌಂಟ್ಸ್ ಸೆಂಟರ್‌ಗೆ ಹೋಗಿ, ಮೆಟಾದ ಹೊರಗಿನ ನಿಮ್ಮ ಚಟುವಟಿಕೆ ಎಂಬರ್ಥದ ವಿಭಾಗವನ್ನು ತೆರೆಯಿರಿ. ನಿಮ್ಮ ಬಗ್ಗೆ ಮಾಹಿತಿ ಕಳುಹಿಸಿದ ವ್ಯಾಪಾರಿ ಸಂಸ್ಥೆಗಳ ಹೆಸರುಗಳು ಅಲ್ಲಿ ಇರುತ್ತವೆ. ನೀವು ಎಂದೂ ಆನ್‌ಲೈನ್‌ನಲ್ಲಿ ಕೊಳ್ಳದ, ಖುದ್ದಾಗಿ ಮಾತ್ರ ಹೋಗಿದ್ದ ಮಳಿಗೆಯ ಹೆಸರು ಅಲ್ಲಿ ಕಂಡರೆ ಅದು ಬಲವಾದ ಸಾಕ್ಷಿ. ಹಿಂದಿನದನ್ನು ತೆರವುಗೊಳಿಸುವುದು ಮತ್ತು ಮುಂದಿನದನ್ನು ಖಾತೆಯಿಂದ ಬೇರ್ಪಡಿಸುವುದು ಅಲ್ಲಿ ಎರಡು ಪ್ರತ್ಯೇಕ ಆಯ್ಕೆಗಳು. ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಂಡ ಮೇಲೆ ಎರಡನ್ನೂ ಬಳಸಿ.

ಪರೀಕ್ಷೆ ಮುಗಿದ ಮೇಲೆ ಬ್ರೌಸರಿನಲ್ಲಿ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಅನ್ನು ಚಾಲೂ ಮಾಡಿ. ನನ್ನ ಮಾಹಿತಿಯನ್ನು ಮಾರಬೇಡಿ, ಹಂಚಬೇಡಿ ಎಂಬ ಸಂಕೇತವನ್ನು ಇದು ನೀವು ಭೇಟಿ ಕೊಡುವ ಪ್ರತಿ ತಾಣಕ್ಕೂ ಕಳುಹಿಸುತ್ತದೆ. ಫೈರ್‌ಫಾಕ್ಸ್‌ನ ಖಾಸಗಿತನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಯ್ದುಕೊಳ್ಳಬಹುದು. ಬ್ರೇವ್ ಮತ್ತು ಡಕ್‌ಡಕ್‌ಗೋ ಬ್ರೌಸರ್‌ಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಸಂಕೇತವನ್ನು ಪಾಲಿಸುವುದು ಕಡ್ಡಾಯ, ಸೆಫೊರಾ ಅದನ್ನು ಕಡೆಗಣಿಸಿದ್ದೂ ಅದರ ಮೇಲಿನ ಆರೋಪಗಳಲ್ಲಿ ಒಂದು. ಫೋನಿನಲ್ಲಿ ಜಾಹೀರಾತು ಐಡಿಯನ್ನು ನಿಲ್ಲಿಸಬೇಕು: ಆಂಡ್ರಾಯ್ಡ್‌ನ ಖಾಸಗಿತನ ಸೆಟ್ಟಿಂಗ್ಸ್‌ನೊಳಗಿನ ಜಾಹೀರಾತು ವಿಭಾಗದಲ್ಲಿ ಅದನ್ನು ಅಳಿಸುವ ಆಯ್ಕೆ ಇದೆ, ಐಫೋನಿನಲ್ಲಿ ಟ್ರ್ಯಾಕ್ ಮಾಡಲು ಆಪ್‌ಗಳು ಅನುಮತಿ ಕೇಳುವುದನ್ನೇ ಒಟ್ಟಾಗಿ ನಿಲ್ಲಿಸಬಹುದು.

ನಾಲ್ಕನೆಯ ಹೆಜ್ಜೆ: ಹೆಸರು ಕೇಳುವ ಪತ್ರ

ಈ ಮಾರ್ಗದರ್ಶಿಯ ಉಳಿದ ಹೆಜ್ಜೆಗಳನ್ನು ಬಿಟ್ಟರೂ ಇದೊಂದನ್ನು ಬಿಡಬಾರದು. ಬರೆಯುವ ಮೊದಲು ನೀವು ವಾಸಿಸುವ ಸ್ಥಳದ ಕಾನೂನು ಏನು ಕೊಡುತ್ತದೆ ಎಂದು ತಿಳಿದುಕೊಳ್ಳಿ, ಏಕೆಂದರೆ ಹೆಸರು ಕೇಳುವ ಹಕ್ಕು ಎಲ್ಲೆಡೆ ಒಂದೇ ರೀತಿ ಇಲ್ಲ.

ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್‌ನ 15ನೆಯ ವಿಧಿ ನಿಮ್ಮ ಮಾಹಿತಿಯ ಪ್ರತಿಯನ್ನೂ ಅದನ್ನು ಪಡೆದವರ ವಿವರವನ್ನೂ ಕೇಳುವ ಹಕ್ಕು ಕೊಡುತ್ತದೆ. ಯಾವ ಬಗೆಯ ಕಂಪನಿಗಳು ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಸಂಸ್ಥೆಗಳಿಗೆ ಒಕ್ಕೂಟದ ನ್ಯಾಯಾಲಯ 2023ರ ಜನವರಿ 12ರಂದು ಆಸ್ಟ್ರಿಯಾದ ಅಂಚೆ ಕಂಪನಿಯ ಪ್ರಕರಣದಲ್ಲಿ ಉತ್ತರ ಕೊಟ್ಟಿತು: ಕೇಳಿದವರಿಗೆ ಪಡೆದವರ ನಿರ್ದಿಷ್ಟ ಗುರುತನ್ನೇ ತಿಳಿಸಬೇಕು, ಅವರನ್ನು ಗುರುತಿಸುವುದೇ ಅಸಾಧ್ಯವಾದಾಗ, ಇಲ್ಲವೇ ಕೋರಿಕೆ ಆಧಾರರಹಿತ ಅಥವಾ ವಿಪರೀತ ಎಂದು ಸಂಸ್ಥೆ ತೋರಿಸಿದಾಗ ಮಾತ್ರ ವರ್ಗಗಳನ್ನು ಹೇಳಿದರೆ ಸಾಕು. ಉತ್ತರಕ್ಕೆ ಒಂದು ತಿಂಗಳ ಗಡುವಿದೆ, ಜಟಿಲವಾದ ಕೋರಿಕೆಗಳಲ್ಲಿ ಇನ್ನೂ ಎರಡು ತಿಂಗಳು ವಿಸ್ತರಿಸಬಹುದು. ನೇರ ಮಾರ್ಕೆಟಿಂಗ್‌ಗೆ ಆಕ್ಷೇಪಿಸುವ 21ನೆಯ ವಿಧಿಯ ಹಕ್ಕು ಷರತ್ತಿಲ್ಲದ್ದು. ಆಕ್ಷೇಪಿಸಿದ ಮೇಲೆ ಮಳಿಗೆ ತನ್ನ ಹಿತಾಸಕ್ತಿಯನ್ನು ಮುಂದಿಟ್ಟು ಮುಂದುವರಿಸುವಂತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಉತ್ತರಕ್ಕೆ 45 ದಿನಗಳ ಗಡುವಿದೆ, ಇನ್ನೂ 45 ದಿನ ವಿಸ್ತರಿಸಬಹುದು. ಮಾರಾಟ ಮತ್ತು ಹಂಚಿಕೆಯನ್ನು ನಿಲ್ಲಿಸುವ ಕೋರಿಕೆಯನ್ನಾದರೆ 15 ಕೆಲಸದ ದಿನಗಳೊಳಗೆ ಜಾರಿಗೊಳಿಸಬೇಕು. ಅಲ್ಲಿನ ಮುಖ್ಯ ಕಾನೂನು ಪಡೆದವರ ವರ್ಗಗಳನ್ನಷ್ಟೇ ತಿಳಿಸಲು ಹೇಳುತ್ತದೆ. ಆದರೆ 2005ರಿಂದ ಜಾರಿಯಲ್ಲಿರುವ ಶೈನ್ ದ ಲೈಟ್ ಎಂಬ ಹಳೆಯ ಕಾನೂನಿನಡಿ, ನೇರ ಮಾರ್ಕೆಟಿಂಗ್‌ಗಾಗಿ ಹಿಂದಿನ ವರ್ಷ ಮಾಹಿತಿ ಪಡೆದ ಕಂಪನಿಗಳ ಹೆಸರನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೇಳಬಹುದು. ಹಂಚಿಕೆಯಿಂದ ಹೊರಗುಳಿಯುವ ಆಯ್ಕೆಯನ್ನು ಕೊಡುವ ಮಳಿಗೆಗಳಿಗೆ ಇದರಲ್ಲಿ ವಿನಾಯಿತಿ ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 11ನೆಯ ಸೆಕ್ಷನ್, ಮಾಹಿತಿ ಹಂಚಿಕೊಂಡ ಎಲ್ಲ ಸಂಸ್ಥೆಗಳ ಗುರುತನ್ನು ಕೇಳುವ ಹಕ್ಕನ್ನು ಒಳಗೊಂಡಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಈ ಹಕ್ಕುಗಳ ಭಾಗ ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುವಂತೆ ನಿಗದಿಯಾಗಿದೆ. ಕಾನೂನಿನ ಬಲ ಇನ್ನೂ ಬಾರದ ಕಡೆಯೂ ಪತ್ರ ಬರೆಯುವುದಕ್ಕೆ ಅಡ್ಡಿಯಿಲ್ಲ. ಲಿಖಿತವಾಗಿ ಕೇಳಿದ ನೇರ ಪ್ರಶ್ನೆಗೆ ಸುಳ್ಳು ಉತ್ತರ ಬರೆಯಲು ಸಂಸ್ಥೆಗಳು ಹಿಂಜರಿಯುತ್ತವೆ.

ಪತ್ರವನ್ನು ಖಾಸಗಿತನ ನೀತಿಯಲ್ಲಿ ಕೊಟ್ಟಿರುವ ಇಮೇಲ್ ವಿಳಾಸಕ್ಕೆ, ಮಳಿಗೆಯಲ್ಲಿ ನೋಂದಾಯಿಸಿರುವ ನಿಮ್ಮ ಇಮೇಲ್‌ನಿಂದಲೇ ಕಳುಹಿಸಿ. ಮಾದರಿ ಹೀಗಿರಲಿ:

"ಮಾನ್ಯರೇ,

ನಾನು ನಿಮ್ಮ ಸಂಸ್ಥೆಯ ಗ್ರಾಹಕ. ಈ ಪತ್ರ ಬಂದಿರುವ ಇಮೇಲ್ ವಿಳಾಸ ಮತ್ತು ಕೆಳಗೆ ನಮೂದಿಸಿರುವ ಲಾಯಲ್ಟಿ ಕಾರ್ಡ್ ಸಂಖ್ಯೆಗೆ ಸಂಬಂಧಿಸಿದಂತೆ ಈ ಕೆಳಗಿನ ವಿವರಗಳನ್ನು ಲಿಖಿತವಾಗಿ ಒದಗಿಸಬೇಕೆಂದು ಕೋರುತ್ತೇನೆ.

ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ವೈಯಕ್ತಿಕ ಮಾಹಿತಿಯ ಪ್ರತಿ, ಖರೀದಿಯ ಇತಿಹಾಸ ಮತ್ತು ನನ್ನನ್ನು ಸೇರಿಸಿರುವ ಗ್ರಾಹಕ ವರ್ಗಗಳ ಸಹಿತ. ಈ ಮಾಹಿತಿಯನ್ನು, ಹ್ಯಾಶ್ ಮಾಡಿದ ರೂಪದಲ್ಲಾದರೂ, ಪಡೆದಿರುವ ಪ್ರತಿಯೊಂದು ಸಂಸ್ಥೆಯ ಹೆಸರು, ಕೊಟ್ಟ ದಿನಾಂಕ, ಕೊಟ್ಟ ವಿವರ ಮತ್ತು ಉದ್ದೇಶ. ಮಳಿಗೆಯೊಳಗೆ ನಡೆದ ನನ್ನ ಖರೀದಿಗಳ ವಿವರವನ್ನು ಯಾವುದೇ ಜಾಹೀರಾತು ಕಂಪನಿಗೆ ಕಳುಹಿಸಲಾಗಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ. ನನ್ನ ಬಗ್ಗೆ ಹೊರಗಿನವರಿಂದ ನೀವು ಪಡೆದುಕೊಂಡ ಮಾಹಿತಿ ಇದ್ದರೆ ಅದರ ಮೂಲ.

ಮಾರ್ಕೆಟಿಂಗ್ ಉದ್ದೇಶಕ್ಕಾಗಿ ನನ್ನ ಮಾಹಿತಿಯನ್ನು ಮಾರುವುದು, ಹಂಚಿಕೊಳ್ಳುವುದು, ಇತರರ ಪಟ್ಟಿಗಳೊಂದಿಗೆ ಹೋಲಿಸುವುದು ಇವೆಲ್ಲಕ್ಕೂ ಇಂದಿನಿಂದ ನನ್ನ ಆಕ್ಷೇಪವಿದೆ; ಹಿಂದೆ ಕೊಟ್ಟಿರಬಹುದಾದ ಸಮ್ಮತಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಈ ಕೋರಿಕೆಗೆ ಉತ್ತರ ಪೂರ್ಣಗೊಳ್ಳುವವರೆಗೆ ನನ್ನ ದಾಖಲೆಗಳನ್ನು ಅಳಿಸಬಾರದಾಗಿ ವಿನಂತಿ."

ಅನ್ವಯವಾಗುವ ಕಾನೂನಿನ ಹೆಸರು ಮತ್ತು ವಿಧಿಯನ್ನು ಮೊದಲ ಪ್ಯಾರಾದಲ್ಲಿ ಸೇರಿಸಿ. ಮೂರನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಕೇಳಿರುವುದಕ್ಕೆ ಕಾರಣವಿದೆ: ನೀತಿಯನ್ನು ನೋಡಿ ಎಂಬ ಸಿದ್ಧ ಉತ್ತರವನ್ನು ಅಂಟಿಸಿ ಕಳುಹಿಸುವುದು ಆಗ ಕಷ್ಟವಾಗುತ್ತದೆ.

ಐದನೆಯ ಹೆಜ್ಜೆ: ಬಂದ ಉತ್ತರವನ್ನು ತೂಗಿ ನೋಡಿ

ಗುರುತು ಖಚಿತಪಡಿಸಲು ಪಾಸ್‌ಪೋರ್ಟ್ ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿಯ ಪ್ರತಿ ಕಳುಹಿಸಿ ಎಂದು ಕೆಲವು ಮಳಿಗೆಗಳು ಕೇಳುತ್ತವೆ. ಇಮೇಲ್ ವಿಳಾಸ ಮಾತ್ರ ಕೊಟ್ಟು ತೆರೆದ ಖಾತೆಗೆ ಅಷ್ಟು ದೊಡ್ಡ ದಾಖಲೆ ಕೇಳುವುದು ಸರಿಯಲ್ಲ. ಖಾತೆಗೆ ಲಾಗಿನ್ ಆಗಿ, ಅಥವಾ ಇತ್ತೀಚಿನ ಆರ್ಡರ್ ಸಂಖ್ಯೆ ಹೇಳಿ ಗುರುತು ಸಾಬೀತುಪಡಿಸಲು ಸಿದ್ಧ ಎಂದು ಉತ್ತರಿಸಿ. ಕಳುಹಿಸಲೇಬೇಕಾದರೆ ಭಾವಚಿತ್ರವನ್ನೂ ದಾಖಲೆ ಸಂಖ್ಯೆಯನ್ನೂ ಮುಚ್ಚಿ, ಯಾವ ಉದ್ದೇಶಕ್ಕೆ ಕೊಟ್ಟಿದ್ದು ಎಂದು ಪ್ರತಿಯ ಮೇಲೆಯೇ ಬರೆದು ಕೊಡಿ.

ಉತ್ತರ ಬಂದಾಗ ಅದನ್ನು ಮೂರನೆಯ ಹೆಜ್ಜೆಯಲ್ಲಿ ನೀವು ಸಂಗ್ರಹಿಸಿದ ಸಾಕ್ಷಿಯ ಪಕ್ಕದಲ್ಲಿಟ್ಟು ಓದಿ. ನೆಟ್‌ವರ್ಕ್ ಫಲಕದಲ್ಲಿ ಕಂಡ ಕಂಪನಿಯ ಹೆಸರು ಉತ್ತರದಲ್ಲಿ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ಲಗತ್ತಿಸಿ ಮತ್ತೆ ಬರೆಯಿರಿ. ಹ್ಯಾಶ್ ಮಾಡಿದ್ದರಿಂದ ಅದು ವೈಯಕ್ತಿಕ ಮಾಹಿತಿಯೇ ಅಲ್ಲ ಎಂಬ ವಾದ ಬಂದರೆ, ಹೊಂದಾಣಿಕೆ ಮಾಡಿ ನನ್ನನ್ನೇ ಗುರುತಿಸುವ ಉದ್ದೇಶದಿಂದ ಕಳುಹಿಸಿದ್ದು ಅನಾಮಿಕ ಹೇಗಾಗುತ್ತದೆ ಎಂದು ಕೇಳಿ. "ಗುಂಪುಗಳಾಗಿ ಒಟ್ಟುಗೂಡಿಸಿದ ಮಾಹಿತಿಯನ್ನಷ್ಟೇ ಕೊಟ್ಟಿದ್ದೇವೆ" ಎಂದರೆ, ಪ್ರತಿ ವ್ಯಕ್ತಿಗೆ ಒಂದು ಸಾಲಿನಂತೆ ಕೊಟ್ಟಿದ್ದೀರಾ ಇಲ್ಲವೇ ಎಂದು ಕೇಳಿ. ಅಷ್ಟು ಕೇಳಿದರೆ ಉತ್ತರದ ಸ್ವರೂಪ ಸ್ಪಷ್ಟವಾಗುತ್ತದೆ.

ಗಡುವು ಮೀರಿದರೆ ಒಂದು ನೆನಪೋಲೆ ಸಾಕು, ಅದರ ನಂತರ ನಿಯಂತ್ರಕ ಸಂಸ್ಥೆಗೆ ದೂರು ಕೊಡಿ. ಯುರೋಪಿನಲ್ಲಿ ಪ್ರತಿ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರ, ಕೆನಡಾದಲ್ಲಿ ಖಾಸಗಿತನ ಆಯುಕ್ತರ ಕಚೇರಿ, ಕ್ಯಾಲಿಫೋರ್ನಿಯಾದಲ್ಲಿ ಅಟಾರ್ನಿ ಜನರಲ್ ಹಾಗೂ ಖಾಸಗಿತನ ರಕ್ಷಣಾ ಏಜೆನ್ಸಿ ದೂರು ಸ್ವೀಕರಿಸುತ್ತವೆ. ದೂರಿನ ಜೊತೆ ಪತ್ರಗಳ ಪ್ರತಿ, ಉಳಿಸಿಟ್ಟ ನೀತಿಯ ಪಿಡಿಎಫ್ ಮತ್ತು ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಹೋಮ್ ಡಿಪೋ ಪ್ರಕರಣ ಆರಂಭವಾಗಿದ್ದು ಒಬ್ಬ ಗ್ರಾಹಕರ ದೂರಿನಿಂದ. ಅದರ ತನಿಖೆ ನಡೆಯುತ್ತಿರುವಾಗಲೇ, 2022ರ ಅಕ್ಟೋಬರ್‌ನಲ್ಲಿ, ಮಳಿಗೆ ಆ ಹಂಚಿಕೆಯನ್ನು ನಿಲ್ಲಿಸಿತು.

ಆರನೆಯ ಹೆಜ್ಜೆ: ಈಗ ಅಳಿಸಲು ಹೇಳಿ

ಹೆಸರುಗಳು ಕೈಸೇರಿದ ನಂತರ ವಾರಂಟಿಗೆ ಬೇಕಾದ ರಸೀದಿಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಖಾತೆಯ ಜೊತೆ ಲಾಯಲ್ಟಿ ಅಂಕಗಳೂ ಹೋಗುತ್ತವೆ ಎಂಬುದು ನೆನಪಿರಲಿ. ಬಳಿಕ ಅಳಿಸುವ ಕೋರಿಕೆ ಕಳುಹಿಸಿ. ತೆರಿಗೆ ಕಾನೂನಿಗಾಗಿ ಇಟ್ಟುಕೊಳ್ಳಬೇಕಾದ ಬಿಲ್ಲುಗಳನ್ನು ಮಳಿಗೆ ಅಳಿಸದಿರಬಹುದು, ಅದು ನ್ಯಾಯವೇ. ಜಿಡಿಪಿಆರ್ ಅನ್ವಯವಾಗುವ ಕಡೆ 19ನೆಯ ವಿಧಿಯನ್ನು ಉಲ್ಲೇಖಿಸಿ: ಅಳಿಸಿದ ವಿಷಯವನ್ನು ಮಾಹಿತಿ ಪಡೆದಿದ್ದ ಪ್ರತಿಯೊಬ್ಬರಿಗೂ ತಿಳಿಸುವುದು ಮಳಿಗೆಯ ಹೊಣೆ, ಅದು ಅಸಾಧ್ಯವಾದ ಅಥವಾ ಅತಿಯಾದ ಶ್ರಮ ಬೇಡುವ ಸಂದರ್ಭವನ್ನು ಬಿಟ್ಟು. ಮಳಿಗೆ ಆ ಕೆಲಸ ಮಾಡಿದರೂ ಮಾಡದಿದ್ದರೂ ಪಟ್ಟಿಯಲ್ಲಿರುವ ಪ್ರತಿ ಕಂಪನಿಗೆ ನೀವೇ ನೇರವಾಗಿ ಬರೆಯಿರಿ. ಇಷ್ಟು ಕಷ್ಟಪಟ್ಟು ಹೆಸರು ಪಡೆದದ್ದು ಇದಕ್ಕಾಗಿಯೇ.

ಡೇಟಾ ಬ್ರೋಕರ್‌ಗಳ ವಿಷಯದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬುದೇ ದೊಡ್ಡ ತೊಡಕು. ಅವರನ್ನು ನೋಂದಣಿಗೆ ಒಳಪಡಿಸುವ ಕಾನೂನನ್ನು ಅಮೆರಿಕದ ವರ್ಮಾಂಟ್ ರಾಜ್ಯ 2018ರಲ್ಲಿ ತಂದಿತು, ಆಮೇಲೆ ಕ್ಯಾಲಿಫೋರ್ನಿಯಾವೂ ತಂದಿತು. ಈ ನೋಂದಣಿ ಪಟ್ಟಿಗಳು ಸಾರ್ವಜನಿಕವಾಗಿದ್ದು ಯಾರು ಬೇಕಾದರೂ ನೋಡಬಹುದು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗಾದರೆ 2026ರ ಜನವರಿಯಿಂದ ನೋಂದಾಯಿತ ಬ್ರೋಕರ್‌ಗಳೆಲ್ಲರಿಗೂ ಒಂದೇ ಅರ್ಜಿಯಲ್ಲಿ ಅಳಿಸುವ ಕೋರಿಕೆ ಸಲ್ಲಿಸುವ ಸರ್ಕಾರಿ ವ್ಯವಸ್ಥೆಯಿದೆ.

ಏಳನೆಯ ಹೆಜ್ಜೆ: ಮುಂದಿನ ಖರೀದಿಯಲ್ಲಿ

ಕೌಂಟರಿನಲ್ಲಿ ಸಂಖ್ಯೆ ಕೇಳಿದಾಗ "ಬಿಲ್ಲಿಗೆ ಇದು ಕಡ್ಡಾಯವೇ?" ಎಂದು ವಿಚಾರಿಸಿ, ಕಡ್ಡಾಯವಲ್ಲದಿದ್ದರೆ ಕಾಗದದ ರಸೀದಿ ಸಾಕು ಎನ್ನಿ. ಕೇಳುವ ಸಿಬ್ಬಂದಿಗೆ ಮೇಲಿನವರ ಆದೇಶವಿರುತ್ತದೆ, ಅವರೊಂದಿಗೆ ವಾದ ಬೇಡ. ಮನೆಗೆ ತಲುಪಿಸಬೇಕಾದ ವಸ್ತುವಿಗೆ ಸಂಖ್ಯೆ ಕೊಡಲೇಬೇಕಾದರೆ, ಅರ್ಜಿಯಲ್ಲಿ ಮೊದಲೇ ಟಿಕ್ ಆಗಿರುವ ಮಾರ್ಕೆಟಿಂಗ್ ಚೌಕಗಳನ್ನು ತೆಗೆದು ಕೊಡಿ.

ಇಮೇಲ್ ಬೇಕೇ ಬೇಕೆಂದರೆ ಪ್ರತಿ ಮಳಿಗೆಗೆ ಬೇರೆ ಬೇರೆ ವಿಳಾಸ ಕೊಡುವುದು ನನಗೆ ತಿಳಿದ ಅತ್ಯಂತ ಪರಿಣಾಮಕಾರಿ ಉಪಾಯ. ಆಪಲ್‌ನ ಹೈಡ್ ಮೈ ಇಮೇಲ್, ಫೈರ್‌ಫಾಕ್ಸ್ ರಿಲೇ ಮುಂತಾದ ಸೇವೆಗಳು ಇಂಥ ಬದಲಿ ವಿಳಾಸಗಳನ್ನು ಸೃಷ್ಟಿಸಿ, ಬಂದ ಪತ್ರಗಳನ್ನು ನಿಮ್ಮ ನಿಜವಾದ ಪೆಟ್ಟಿಗೆಗೆ ತಲುಪಿಸುತ್ತವೆ. ಜಿಮೇಲ್ ವಿಳಾಸದ ನಡುವೆ ಪ್ಲಸ್ ಚಿಹ್ನೆ ಮತ್ತು ಮಳಿಗೆಯ ಹೆಸರು ಸೇರಿಸುವ ಪದ್ಧತಿಯೂ ಇದೆ. ಆದರೆ ಚಿಹ್ನೆಯ ನಂತರದ ಭಾಗವನ್ನು ಕತ್ತರಿಸಿ ಮೂಲ ವಿಳಾಸ ಪಡೆಯುವುದು ಸುಲಭವಾದ್ದರಿಂದ ಅದನ್ನು ಹೆಚ್ಚು ನಂಬಲಾಗದು. ಪ್ರತ್ಯೇಕ ವಿಳಾಸ ಇದ್ದಾಗ ಒಂದು ಮಳಿಗೆಯ ಪಟ್ಟಿ ಇನ್ನೊಂದರ ಪಟ್ಟಿಯೊಂದಿಗೆ ಅದರ ಮೂಲಕ ಹೊಂದುವುದಿಲ್ಲ, ಹ್ಯಾಶ್ ಮಾಡಿದ ಸಾಲೂ ಬೇರೆಯಾಗಿರುತ್ತದೆ. ಪಟ್ಟಿಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳೇ ದುರ್ಬಳಕೆ ಹಿಡಿಯಲು ಪಟ್ಟಿಯೊಳಗೆ ತಮ್ಮ ಗುಪ್ತ ವಿಳಾಸಗಳನ್ನು ಸೇರಿಸಿಡುತ್ತವೆ. ಅದೇ ತಂತ್ರ ಇಲ್ಲಿ ಗ್ರಾಹಕರ ಕೈಗೆ ಬರುತ್ತದೆ. ಒಂದೇ ಮಳಿಗೆಗೆ ಕೊಟ್ಟಿದ್ದ ವಿಳಾಸಕ್ಕೆ ಬೇರೊಂದು ಕಂಪನಿಯಿಂದ ಜಾಹೀರಾತು ಬಂದರೆ ಅದನ್ನು ಅಳಿಸಬೇಡಿ. ಆ ಇಮೇಲ್‌ನ ಮೂಲ ಪ್ರತಿಯನ್ನು ಪೂರ್ಣ ಹೆಡರ್ (ಪತ್ರ ಎಲ್ಲಿಂದ, ಯಾವ ದಾರಿಯಲ್ಲಿ ಬಂತು ಎಂಬ ತಾಂತ್ರಿಕ ವಿವರ) ಸಹಿತ ಉಳಿಸಿ, ವಿಳಾಸವನ್ನು ಯಾವ ದಿನ ಯಾರಿಗೆ ಕೊಟ್ಟಿದ್ದಿರಿ ಎಂಬ ಟಿಪ್ಪಣಿಯೊಂದಿಗೆ ನಾಲ್ಕನೆಯ ಹೆಜ್ಜೆಯ ಪತ್ರಕ್ಕೆ ಲಗತ್ತಿಸಿ ಮಳಿಗೆಗೆ ಕಳುಹಿಸಿ. ಮಾಹಿತಿ ಸೋರಿಕೆಯಾಗಿರುವ ಸಾಧ್ಯತೆಯೂ ಇರುವುದರಿಂದ, ಹಂಚಿದ್ದೀರಾ ಅಥವಾ ಕಳವಾಗಿದೆಯೇ ಎಂಬ ಎರಡೂ ಪ್ರಶ್ನೆಗಳನ್ನು ಅದರಲ್ಲಿ ಕೇಳಿ.